ಟಿವಿ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು: ವೋಟು, ಅವಾರ್ಡು ಮತ್ತು ಶೋ ಹಿಂದಿನ ದುಡ್ಡು

ಇಷ್ಟದ ಶೋ ನಿಂತುಹೋದಾಗ ಆಗುವ ಬೇಜಾರು ಸಣ್ಣದಲ್ಲ. ವರ್ಷಗಟ್ಟಲೆ ಜೊತೆಗಿದ್ದ ಪಾತ್ರಗಳು ಕಥೆಯ ಮಧ್ಯದಲ್ಲೇ ಮಾಯವಾಗುತ್ತವೆ. ಆಗ ಅಭಿಮಾನಿಗಳು ವೋಟ್ ಹಾಕುತ್ತಾರೆ, ಹ್ಯಾಷ್‌ಟ್ಯಾಗ್ ಓಡಿಸುತ್ತಾರೆ, ಪತ್ರ ಬರೆಯುತ್ತಾರೆ. ಕೆಲವು ಸಲ ಫಲ ಸಿಗುತ್ತದೆ. ಬಹಳ ಸಲ ಸಿಗುವುದಿಲ್ಲ. ಯಾಕೆ ಹೀಗೆ ಎಂದು ನೋಡುತ್ತಾ ಹೋದರೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತೇವೆ: ಆ ಪ್ರೀತಿ ದುಡ್ಡು ಹಾಕುವವರ ಕಣ್ಣಿಗೆ ಬಿತ್ತಾ, ಇಲ್ಲವಾ? ಅದಕ್ಕೇ ಇಲ್ಲಿ ಅವಾರ್ಡಿಗಿಂತ ದುಡ್ಡಿನ ಮಾತು ಸ್ವಲ್ಪ ಜಾಸ್ತಿ ಇದೆ.

ಒಂದು ಶೋಗೆ ದುಡ್ಡು ಹಾಕುವವರು ಯಾರು?

ಇದು ಶೋದಿಂದ ಶೋಗೆ ಬೇರೆ. ಆದರೆ ದಾರಿಗಳು ಕೆಲವೇ ಇವೆ.

ಮೊದಲನೆಯದು ಜಾಹೀರಾತು. ಅಮೆರಿಕದಲ್ಲಿ 1941ರ ಜುಲೈ 1ರಂದು ಒಂದು ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ ಬುಲೋವಾ ವಾಚ್ ಕಂಪನಿಯ ಪುಟ್ಟ ಜಾಹೀರಾತು ಬಂತು. ಕಾನೂನುಬದ್ಧವಾಗಿ ಬಂದ ಮೊದಲ ಟಿವಿ ಜಾಹೀರಾತು ಅದೇ. ಅದಕ್ಕೂ ಮುಂಚೆ ರೇಡಿಯೋ ಕಾಲದಲ್ಲೇ ಸೋಪು ಮಾಡುವ ಕಂಪನಿಗಳು ಧಾರಾವಾಹಿಗಳನ್ನು ಸಾಕುತ್ತಿದ್ದವು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಬೆನ್ನಿಗೆ ನಿಂತ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ಮೂರು ತಲೆಮಾರು ನೋಡಿದ ಒಂದು ಕಥೆ ಅಷ್ಟು ಕಾಲ ಉಳಿದಿದ್ದರ ಹಿಂದೆ ಮನೆ ಸಾಮಾನು ಮಾರುವವರ ಲೆಕ್ಕಾಚಾರವೂ ಇತ್ತು.

ಎರಡನೆಯದು ಚಂದಾ. ಕೇಬಲ್ ಬಿಲ್ ಆಗಲಿ, ಒಟಿಟಿ ಆಗಲಿ, ನೋಡುಗರೇ ತಿಂಗಳಿಗಿಷ್ಟು ಅಂತ ಕೊಡುತ್ತಾರೆ.

ಮೂರನೆಯದು ಸಾರ್ವಜನಿಕ ಹಣ. ಬ್ರಿಟನ್ನಿನಲ್ಲಿ ಟಿವಿ ಇರುವ ಮನೆಗಳು ಲೈಸೆನ್ಸ್ ಶುಲ್ಕ ಕಟ್ಟುತ್ತವೆ, ಬಿಬಿಸಿ ನಡೆಯುವುದು ಮುಖ್ಯವಾಗಿ ಅದರಿಂದ. ಈ ಪದ್ಧತಿ ಟಿವಿಗೆ ಬಂದಿದ್ದು 1946ರಲ್ಲಿ, ಆಗ ಶುಲ್ಕ 2 ಪೌಂಡ್. ಜಪಾನಿನ ಎನ್‌ಎಚ್‌ಕೆ ಕೂಡ ನೋಡುಗರ ಶುಲ್ಕದಿಂದಲೇ ನಡೆಯುತ್ತದೆ. ಅಮೆರಿಕದ ಸಾರ್ವಜನಿಕ ಟಿವಿ ಜಾಲವಾದ ಪಿಬಿಎಸ್ ಕೇಂದ್ರಗಳು ವೀಕ್ಷಕರ ದೇಣಿಗೆಯನ್ನು ತುಂಬಾ ನೆಚ್ಚಿಕೊಂಡಿವೆ.

ಇವುಗಳ ಪಕ್ಕದಲ್ಲಿ ಸಣ್ಣಪುಟ್ಟ ದಾರಿಗಳೂ ಇವೆ. ನಾಯಕಿಯ ಕೈಯಲ್ಲಿ ಕಾಣುವ ಫೋನಿಗೆ, ಅಡುಗೆಮನೆಯಲ್ಲಿರುವ ಯಂತ್ರಕ್ಕೆ ಕಂಪನಿಗಳು ದುಡ್ಡು ಕೊಡುತ್ತವೆ. ಬ್ರಿಟನ್ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2011ರ ಫೆಬ್ರವರಿಯಲ್ಲಿ ಮಾತ್ರ. ಸರ್ಕಾರಗಳು ತಮ್ಮಲ್ಲಿ ಶೂಟಿಂಗ್ ಮಾಡಿದರೆ ತೆರಿಗೆ ರಿಯಾಯಿತಿ ಕೊಡುತ್ತವೆ. ಆಟಿಕೆ ಕಂಪನಿಗಳ ಗೊಂಬೆಗಳಿಂದಲೇ ಹುಟ್ಟಿದ ಕಾರ್ಟೂನುಗಳೂ ಇವೆ. 1983ರ 'ಹೀ-ಮ್ಯಾನ್' ಅಂಥದ್ದು.

ಚಾನೆಲ್ ಕೊಡುವ ದುಡ್ಡಿನಲ್ಲೇ ಶೋ ಪೂರ್ತಿ ತಯಾರಾಗುತ್ತದಾ?

ಎಲ್ಲಾ ಸಲ ಇಲ್ಲ. ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಭಾಗ ಇದು.

ಅಮೆರಿಕದ ಹಳೆಯ ಪದ್ಧತಿ ಹೀಗಿತ್ತು: ಶೋ ತಯಾರಿಸುವ ಸ್ಟುಡಿಯೋ ಒಂದು, ಪ್ರಸಾರ ಮಾಡುವ ಚಾನೆಲ್ ಇನ್ನೊಂದು. ಚಾನೆಲ್ ಒಂದು ಸಂಚಿಕೆಗೆ ಇಷ್ಟು ಅಂತ ಪ್ರಸಾರದ ಶುಲ್ಕ ಕೊಡುತ್ತದೆ. ಅದು ಖರ್ಚಿಗಿಂತ ಕಡಿಮೆ. ಉಳಿದ ನಷ್ಟ ಸ್ಟುಡಿಯೋ ತಲೆ ಮೇಲೆ. ಹಾಗಾದರೆ ಸ್ಟುಡಿಯೋ ಯಾಕೆ ಒಪ್ಪುತ್ತದೆ? ಮುಂದೆ ಮರುಪ್ರಸಾರಕ್ಕೆ, ಬೇರೆ ದೇಶಗಳಿಗೆ ಮಾರಿದಾಗ ಬರುವ ಹಣಕ್ಕಾಗಿ. ವಾರದಲ್ಲಿ ಐದು ದಿನ ಮರುಪ್ರಸಾರ ಮಾಡಬೇಕಾದರೆ ಸುಮಾರು 100 ಸಂಚಿಕೆ ಕೈಯಲ್ಲಿರಬೇಕು ಅನ್ನುವುದು ಆ ವ್ಯಾಪಾರದ ಹಳೇ ಲೆಕ್ಕ. ಅದಕ್ಕೇ ಮೂರನೇ, ನಾಲ್ಕನೇ ಸೀಸನ್‌ನಲ್ಲಿ ಸೊರಗಿದ ಶೋಗಳನ್ನೂ ಸ್ಟುಡಿಯೋಗಳು ಕಷ್ಟಪಟ್ಟು ಮುಂದಕ್ಕೆ ತಳ್ಳುತ್ತಿದ್ದವು.

ಒಟಿಟಿ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ನೆಟ್‌ಫ್ಲಿಕ್ಸ್‌ನಂಥವರು ಪೂರ್ತಿ ಖರ್ಚು ಕೊಟ್ಟು, ಮೇಲೆ ಒಂದಿಷ್ಟು ಲಾಭ ಸೇರಿಸಿ, ಹಕ್ಕುಗಳನ್ನು ತಾವೇ ಇಟ್ಟುಕೊಳ್ಳುತ್ತಾರೆ. ತಯಾರಕರಿಗೆ ನಷ್ಟದ ಭಯ ಇಲ್ಲ. ಶೋ ಲೋಕವನ್ನೇ ಗೆದ್ದರೆ ಆ ಲಾಭದಲ್ಲಿ ದೊಡ್ಡ ಪಾಲೂ ಇಲ್ಲ. 2021ರ ಕೊರಿಯನ್ ಶೋ 'ಸ್ಕ್ವಿಡ್ ಗೇಮ್' ನೋಡಿ. ಒಂಬತ್ತು ಸಂಚಿಕೆಗೆ ಸುಮಾರು 2.1 ಕೋಟಿ ಡಾಲರ್ ಖರ್ಚಾಗಿದ್ದು, ಅದರಿಂದ ನೆಟ್‌ಫ್ಲಿಕ್ಸ್‌ಗೆ ಸುಮಾರು 90 ಕೋಟಿ ಡಾಲರ್‌ ಮೌಲ್ಯ ಬಂದಿದೆ ಎಂದು ಕಂಪನಿಯ ಒಳಗಿನ ದಾಖಲೆಗಳನ್ನು ನೋಡಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆಯಿತು. ಅದನ್ನು ಬರೆದು ನಿರ್ದೇಶಿಸಿದ ಹ್ವಾಂಗ್ ಡಾಂಗ್-ಹ್ಯುಕ್ ಅವರಿಗೆ ಮೊದಲ ಸೀಸನ್‌ನಲ್ಲಿ ಒಪ್ಪಂದದ ಹಣದ ಮೇಲೆ ಬೇರೆ ಪಾಲು ಇರಲಿಲ್ಲ. ಇದು ನನಗೆ ನ್ಯಾಯ ಅಂತ ಅನ್ನಿಸುವುದಿಲ್ಲ.

ಅಷ್ಟೊಂದು ಜನ ನೋಡುವ ಶೋ ಕೂಡ ಯಾಕೆ ನಿಲ್ಲುತ್ತದೆ?

ಎಷ್ಟು ಜನ ನೋಡಿದರು ಅನ್ನುವುದರ ಜೊತೆಗೆ ಯಾರು, ಎಲ್ಲಿ, ಯಾವಾಗ ನೋಡಿದರು ಅನ್ನುವುದೂ ಮುಖ್ಯ. 'ದಿ ಎಕ್ಸ್‌ಪ್ಯಾನ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ಸೈಫೈ ಚಾನೆಲ್ ಹತ್ತಿರ ಇದ್ದಿದ್ದು ಅಮೆರಿಕದ ಟಿವಿಯಲ್ಲಿ ಮೊದಲ ಸಲ ಪ್ರಸಾರ ಮಾಡುವ ಹಕ್ಕು ಮಾತ್ರ. ಅಂದರೆ ಪ್ರಸಾರದ ಹೊತ್ತಿಗೆ ಟಿವಿ ಮುಂದೆ ಕೂತವರಿಂದಷ್ಟೇ ಅದಕ್ಕೆ ಆದಾಯ. ಆಮೇಲೆ ಬೇರೆ ಕಡೆ ನೋಡಿ ಮೆಚ್ಚಿದವರು ಎಷ್ಟೇ ಇದ್ದರೂ ಚಾನೆಲ್‌ಗೆ ಕಾಸು ಬರುತ್ತಿರಲಿಲ್ಲ. 2018ರಲ್ಲಿ ಮೂರನೇ ಸೀಸನ್‌ಗೆ ಅದು ಕೈಬಿಟ್ಟಿತು.

ಇನ್ನೊಂದು ಕಾರಣ ಖರ್ಚು. ಶೋ ಹಳೆಯದಾದಂತೆ ನಟರ ಸಂಭಾವನೆ ಏರುತ್ತದೆ. ನೋಡುಗರ ಸಂಖ್ಯೆ ಅಷ್ಟೇ ಇದ್ದರೂ ಲೆಕ್ಕ ಕೂಡುವುದಿಲ್ಲ.

ಟಿಆರ್‌ಪಿ ಅಳೆಯುವ ಮೀಟರ್ ನಮ್ಮ ಮನೆಯಲ್ಲಿ ಇಲ್ಲ. ಹಾಗಾದರೆ ನಾನು ನೋಡಿದ್ದು ಲೆಕ್ಕಕ್ಕೇ ಇಲ್ಲವಾ?

ನೇರವಾಗಿ ಹೇಳಬೇಕೆಂದರೆ, ಮಾಮೂಲಿ ಟಿವಿಯಲ್ಲಿ ನೋಡಿದ್ದರೆ ಇಲ್ಲ. ಅಮೆರಿಕದ ನೀಲ್ಸನ್, ಬ್ರಿಟನ್ನಿನ ಬಾರ್ಬ್, ಭಾರತದ ಬಾರ್ಕ್, ಎಲ್ಲವೂ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಇಡೀ ದೇಶದ ಲೆಕ್ಕ ಹಾಕುತ್ತವೆ. ಬಾರ್ಕ್ ಮೀಟರ್ ಇರುವ ಮನೆಗಳು 50 ಸಾವಿರಕ್ಕೂ ಜಾಸ್ತಿ. ಆ ಮನೆಗಳು ಯಾವುವು ಎಂಬುದು ಗುಟ್ಟು. ನಿಮ್ಮಂಥವರ ಪರವಾಗಿ ನಿಮ್ಮ ವಯಸ್ಸಿನ, ನಿಮ್ಮಂಥದೇ ಊರಿನ ಇನ್ನೊಂದು ಮನೆ ಲೆಕ್ಕಕ್ಕೆ ಹೋಗುತ್ತದೆ. ಪದ್ಧತಿ ತಪ್ಪೇನಲ್ಲ. ಆದರೆ ಸಣ್ಣ ಅಭಿಮಾನಿ ಬಳಗ ಇರುವ ಶೋಗಳಿಗೆ ಕಷ್ಟ. ಅಂಥ ಶೋ ನೋಡುವ ಕೆಲವೇ ಮೀಟರ್ ಮನೆಗಳು ಒಂದು ವಾರ ಬೇರೆ ಚಾನೆಲ್ ಹಾಕಿದರೂ ಅಂಕಿ ಅಲ್ಲಾಡುತ್ತದೆ.

ಒಟಿಟಿಯಲ್ಲಿ?

ಅಲ್ಲಿ ನಿಮ್ಮ ಪ್ರತಿ ನಿಮಿಷವೂ ದಾಖಲಾಗುತ್ತದೆ. 2019ರಲ್ಲಿ ನೆಟ್‌ಫ್ಲಿಕ್ಸ್ ಬ್ರಿಟನ್ನಿನ ಸಂಸತ್ ಸಮಿತಿಗೆ ತಾನು ಹೇಗೆ ಅಳೆಯುತ್ತೇನೆ ಎಂದು ತಿಳಿಸಿತ್ತು. ಮೊದಲ ಸಂಚಿಕೆ ಶುರು ಮಾಡಿದವರು ಎಷ್ಟು, ಒಂದು ಸಂಚಿಕೆಯ 70 ಶೇಕಡ ನೋಡಿದವರು ಎಷ್ಟು, ಸೀಸನ್‌ನ 90 ಶೇಕಡ ಮುಗಿಸಿದವರು ಎಷ್ಟು, ಅದೂ ಮೊದಲ 7 ದಿನ ಮತ್ತು 28 ದಿನಗಳಲ್ಲಿ ಎಷ್ಟು, ಎಂದು ನೋಡುತ್ತಾರಂತೆ.

ಇದರಲ್ಲಿ ಅಭಿಮಾನಿಗಳಿಗೆ ಕೆಲಸಕ್ಕೆ ಬರುವ ಮಾತಿದೆ. ಶೋ ಬಂದ ಮೊದಲ ತಿಂಗಳಲ್ಲೇ ಪೂರ್ತಿ ನೋಡಿ ಮುಗಿಸಿ. "ಎಲ್ಲಾ ಸೀಸನ್ ಬರಲಿ, ಒಟ್ಟಿಗೆ ನೋಡೋಣ" ಅಂತ ಕಾದರೆ, ನೀವು ಕಾಯುತ್ತಿರುವ ಸೀಸನ್ ಬರದೇ ಹೋಗಬಹುದು. 2023ರಲ್ಲಿ ಅಮೆರಿಕದ ಬರಹಗಾರರ ಸಂಘ 148 ದಿನ ಮುಷ್ಕರ ಮಾಡಿ ಪಡೆದ ಒಪ್ಪಂದದಲ್ಲೂ ಇದೇ ತರ್ಕ ಇದೆ. ಬಿಡುಗಡೆಯಾದ ಮೊದಲ 90 ದಿನಗಳಲ್ಲಿ ಆ ದೇಶದ ಚಂದಾದಾರರಲ್ಲಿ 20 ಶೇಕಡ ನೋಡುವಷ್ಟು ಗೆದ್ದ ಶೋಗಳ ಬರಹಗಾರರಿಗೆ ಬೋನಸ್ ಸಿಗುತ್ತದೆ. ನೀವು ಬೇಗ ನೋಡುವುದು ಬರೆದವರ ಜೇಬಿಗೂ ತಲುಪುವ ದಾರಿ ಇದು.

ಜನರೇ ವೋಟ್ ಹಾಕುವ ದೊಡ್ಡ ಅವಾರ್ಡುಗಳು ಯಾವುವು?

ಅಮೆರಿಕದ ಪೀಪಲ್ಸ್ ಚಾಯ್ಸ್ ಅವಾರ್ಡ್ಸ್ 1975ರಲ್ಲಿ ಶುರುವಾಯಿತು. ಮೊದಲು ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಿಂದ ವಿಜೇತರನ್ನು ಆರಿಸುತ್ತಿದ್ದರು. ಆನ್‌ಲೈನ್ ವೋಟಿಂಗ್ ಬಂದಿದ್ದು 2005ರಲ್ಲಿ. ಈ ಬದಲಾವಣೆ ಚಿಕ್ಕದಾಗಿ ಕಂಡರೂ ತುಂಬಾ ದೊಡ್ಡದು. ಸಮೀಕ್ಷೆಯಲ್ಲಿ ಯಾರನ್ನು ಕೇಳಬೇಕು ಅಂತ ಸಂಸ್ಥೆ ಆರಿಸುತ್ತದೆ, ಸುಮ್ನೆ ನೋಡುವವರ ಮಾತೂ ಬರುತ್ತದೆ. ಆನ್‌ಲೈನ್‌ನಲ್ಲಿ ಹಟ ಹಿಡಿದು ಬರುವವರ ಮಾತು ಮಾತ್ರ ಬರುತ್ತದೆ.

ಬ್ರಿಟನ್ನಿನ ನ್ಯಾಷನಲ್ ಟೆಲಿವಿಷನ್ ಅವಾರ್ಡ್ಸ್ 1995ರಿಂದ ಇದೆ. ಮಕ್ಕಳು ವೋಟ್ ಹಾಕುವ ಕಿಡ್ಸ್ ಚಾಯ್ಸ್ ಅವಾರ್ಡ್ಸ್‌ ಶುರುವಾಗಿದ್ದು 1988ರಲ್ಲಿ. ಆಸ್ಟ್ರೇಲಿಯಾದ ಲೋಗಿ ಅವಾರ್ಡ್ಸ್ 1959ರಷ್ಟು ಹಳೆಯದು. ಅಲ್ಲಿ ಕೆಲವು ವಿಭಾಗಗಳನ್ನು ಉದ್ಯಮದ ತಜ್ಞರು ನಿರ್ಧರಿಸುತ್ತಾರೆ, ಜನಪ್ರಿಯತೆಯ ವಿಭಾಗಗಳನ್ನು ವೀಕ್ಷಕರು.

ಎಮ್ಮಿ ಅವಾರ್ಡಿಗೆ ನಾನು ವೋಟ್ ಹಾಕಬಹುದಾ?

ಇಲ್ಲ. ಅಮೆರಿಕದ ಟಿವಿಯ ಆ ದೊಡ್ಡ ಪ್ರಶಸ್ತಿಯ ವೋಟು ಅಲ್ಲಿನ ಟೆಲಿವಿಷನ್ ಅಕಾಡೆಮಿಯ ಸದಸ್ಯರದ್ದು. ಟಿವಿಯಲ್ಲಿ ಕೆಲಸ ಮಾಡುವವರು ಮಾತ್ರ.

ನಮ್ಮ ಶೋ ಜನರ ವೋಟಿನಿಂದ ಗೆದ್ದರೆ, ಮುಂದಿನ ಸೀಸನ್ ಖಂಡಿತಾ ಅಲ್ವಾ?

ಖಂಡಿತಾ ಅಲ್ಲ. 2018ರಲ್ಲಿ ಗ್ರ್ಯಾಂಟ್ ಡೆನ್ಯರ್ ಆಸ್ಟ್ರೇಲಿಯಾದ ಅತಿ ದೊಡ್ಡ ಜನಪ್ರಿಯ ಪ್ರಶಸ್ತಿ, ಗೋಲ್ಡ್ ಲೋಗಿ, ಗೆದ್ದರು. ಅವರು ನಡೆಸಿಕೊಡುತ್ತಿದ್ದ 'ಫ್ಯಾಮಿಲಿ ಫ್ಯೂಡ್' ಶೋವನ್ನು ನಿಲ್ಲಿಸುವುದಾಗಿ ಟೆನ್ ಚಾನೆಲ್ ಅಷ್ಟರಲ್ಲೇ ಹೇಳಿಯಾಗಿತ್ತು. ಹಾಸ್ಯಗಾರ ಟಾಮ್ ಗ್ಲೀಸನ್ ಮುಂದೆ ನಿಂತು ಅವರಿಗಾಗಿ ಅಭಿಯಾನ ನಡೆಸಿದ್ದರು. ಪ್ರಶಸ್ತಿ ಬಂತು, ಶೋ ಉಳಿಯಲಿಲ್ಲ. ಮರುವರ್ಷ ಗ್ಲೀಸನ್ ತಮಗೇ ಅಭಿಯಾನ ಮಾಡಿ ಗೋಲ್ಡ್ ಲೋಗಿ ಗೆದ್ದರು.

ಅವಾರ್ಡ್ ವೋಟು ತೋರಿಸುವುದು ಬಳಗದ ತೀವ್ರತೆಯನ್ನು. ಹತ್ತು ಸಾವಿರ ಜನ ದಿನಾ ವೋಟ್ ಹಾಕಿದರೆ ಲಕ್ಷಗಟ್ಟಲೆ ವೋಟ್ ಆಗುತ್ತದೆ. ಜಾಹೀರಾತು ಕೊಡುವವರಿಗೆ ಅವರು ಹತ್ತು ಸಾವಿರ ಜನವೇ. ಹಾಗಂತ ವೋಟ್ ದಂಡ ಅಂತ ನಾನು ಹೇಳುವುದಿಲ್ಲ. ಗೆದ್ದ ಸುದ್ದಿ ಕೇಳಿ ಹೊಸಬರು ಶೋ ನೋಡಲು ಶುರು ಮಾಡುತ್ತಾರೆ. ವೇದಿಕೆ ಮೇಲೆ ನಿಂತ ನಟರಿಗೆ ಅದರ ಖುಷಿಯೇ ಬೇರೆ. ಅವರ ಮುಂದಿನ ಅವಕಾಶಗಳಿಗೂ ಒಳ್ಳೆಯದು. ಸೀಸನ್ ಮುಂದುವರಿಕೆಯನ್ನು ಅದರ ತಲೆಗೆ ಕಟ್ಟಬೇಡಿ, ಅಷ್ಟೇ.

ಒಬ್ಬರೇ ಹತ್ತಾರು ಅಕೌಂಟ್ ಮಾಡಿ ವೋಟ್ ಹಾಕುವುದು ತಪ್ಪಾ? ಎಲ್ಲರೂ ಮಾಡುತ್ತಾರಲ್ಲ?

ತಪ್ಪು. ನಿಯಮವೇ ದಿನಕ್ಕೆ ಹಲವು ವೋಟ್ ಹಾಕಲು ಬಿಟ್ಟರೆ ಅಷ್ಟೂ ಹಾಕಿ, ಅದು ನಿಮ್ಮ ಹಕ್ಕು. ಸುಳ್ಳು ಅಕೌಂಟ್, ತಂತಾನೇ ವೋಟ್ ಒತ್ತುವ ಪ್ರೋಗ್ರಾಂ ಬಳಸಿದರೆ ವೋಟುಗಳು ರದ್ದಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಪ್ರಾಮಾಣಿಕವಾಗಿ ವೋಟ್ ಹಾಕಿದ ನಿಮ್ಮದೇ ಬಳಗದವರಿಗೆ. ಗೆದ್ದರೂ ಯಾರೂ ನಂಬುವುದಿಲ್ಲ.

ಗುಂಪು ಕಟ್ಟಿಕೊಂಡು ಒಂದೇ ಪಟ್ಟಿಗೆ ವೋಟ್ ಹಾಕಿದರೆ ಏನಾಗುತ್ತದೆ ಎಂದು ಹ್ಯೂಗೋ ಅವಾರ್ಡ್ಸ್ 2015ರಲ್ಲಿ ಕಂಡಿತು. ಸೈನ್ಸ್ ಫಿಕ್ಷನ್ ಅಭಿಮಾನಿಗಳು ಸದಸ್ಯತ್ವ ಪಡೆದು ವೋಟ್ ಹಾಕುವ ಪ್ರಶಸ್ತಿ ಅದು, ಟಿವಿ ಸಂಚಿಕೆಗಳಿಗೂ ಅಲ್ಲಿ ವಿಭಾಗ ಇದೆ. ಆ ವರ್ಷ ಎರಡು ಗುಂಪುಗಳು ಪಟ್ಟಿ ಹಂಚಿ ನಾಮನಿರ್ದೇಶನಗಳನ್ನು ತುಂಬಿದವು. ಉಳಿದ ಸದಸ್ಯರು ಸಿಟ್ಟಾಗಿ ಐದು ವಿಭಾಗಗಳಲ್ಲಿ "ಯಾರಿಗೂ ಬೇಡ" ಎಂದು ವೋಟ್ ಹಾಕಿದರು. ಆಮೇಲೆ ನಾಮನಿರ್ದೇಶನ ಎಣಿಸುವ ನಿಯಮವನ್ನೇ ಬದಲಿಸಿದರು. ಅರ್ಹರಾಗಿದ್ದ ಕೆಲವರೂ ಆ ಗಲಾಟೆಯಲ್ಲಿ ಬರಿಗೈಯಲ್ಲಿ ಹೋದರು.

ಅಭಿಮಾನಿಗಳು ನಿಜವಾಗಿಯೂ ಶೋ ಉಳಿಸಿದ್ದಾರಾ?

ಉಳಿಸಿದ್ದಾರೆ. ಪ್ರತಿಯೊಂದರಲ್ಲೂ ಕಲಿಯಲು ಬೇರೆ ಬೇರೆ ಸಂಗತಿ ಇದೆ.

'ಸ್ಟಾರ್ ಟ್ರೆಕ್' ಎರಡನೇ ಸೀಸನ್‌ಗೇ ನಿಲ್ಲುವ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಪತ್ರ ಚಳವಳಿ ಶುರು ಮಾಡಿದರು. ಇಂಟರ್‌ನೆಟ್ ಇಲ್ಲದ ಕಾಲ. ಕೈಯಲ್ಲಿ ವಿಳಾಸ ಬರೆದು, ಅಂಚೆ ಚೀಟಿ ಅಂಟಿಸಿ ಕಳಿಸಿದ ಪತ್ರಗಳು ಅವು. 1968ರ ಮಾರ್ಚ್ 1ರಂದು ಸಂಚಿಕೆ ಮುಗಿದ ಮೇಲೆ ಎನ್‌ಬಿಸಿ ಚಾನೆಲ್ ಪ್ರಸಾರದಲ್ಲೇ ಶೋ ಮುಂದುವರಿಯುತ್ತದೆ ಎಂದು ಘೋಷಿಸಿತು. ಆದರೆ ಮೂರನೇ ಸೀಸನ್‌ಗೆ ಬಜೆಟ್ ಕಡಿತ ಮಾಡಿ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿತು. 1969ರಲ್ಲಿ ಶೋ ಮುಗಿಯಿತು. ಸೋತರು ಅಂತೀರಾ? ಆ ಮೂರನೇ ಸೀಸನ್ ಸೇರಿ ಒಟ್ಟು 79 ಸಂಚಿಕೆ ಆಗಿದ್ದರಿಂದಲೇ ದಿನಾ ಮರುಪ್ರಸಾರಕ್ಕೆ ಸಾಕಾಯಿತು. ಮರುಪ್ರಸಾರದಲ್ಲೇ ಅದು ನಿಜವಾದ ಜನಪ್ರಿಯತೆ ಕಂಡಿದ್ದು. ಪತ್ರ ಬರೆದವರು ಕೊಡಿಸಿದ ಆ ಒಂದು ವರ್ಷ ಇಲ್ಲದಿದ್ದರೆ ಮುಂದಿನದು ಇಷ್ಟು ಸುಲಭ ಇರುತ್ತಿರಲಿಲ್ಲ.

'ಚಕ್' ಅಭಿಮಾನಿಗಳ ದಾರಿ ನನಗೆ ತುಂಬಾ ಇಷ್ಟ. 2009ರಲ್ಲಿ ಅವರು ಚಾನೆಲ್‌ಗೆ ಬರೆಯುವುದರ ಜೊತೆಗೆ ಆ ಶೋದಲ್ಲಿ ಜಾಹೀರಾತು ಕೊಡುತ್ತಿದ್ದ ಸಬ್‌ವೇ ಅಂಗಡಿಗಳಿಗೆ ಹೋದರು. ಸೀಸನ್‌ನ ಕೊನೆಯ ಸಂಚಿಕೆ ಬರುವ ದಿನ ಸ್ಯಾಂಡ್‌ವಿಚ್ ಕೊಂಡು, 'ಚಕ್' ಸಲುವಾಗಿ ಬಂದಿದ್ದೇವೆ ಎಂದು ಚೀಟಿ ಬರೆದು ಹಾಕಿದರು. ನಾಯಕ ನಟ ಜಕಾರಿ ಲೀವೈ ಕೂಡ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಭಿಮಾನಿಗಳ ದಂಡು ಕಟ್ಟಿಕೊಂಡು ಅಂಗಡಿಗೆ ಹೋಗಿ ತಾವೇ ಸ್ಯಾಂಡ್‌ವಿಚ್ ಮಾಡಿಕೊಟ್ಟರು. ಸಬ್‌ವೇ ಪ್ರಾಯೋಜಕತ್ವದ ಒಪ್ಪಂದ ಮಾಡಿಕೊಂಡಿತು, ಎನ್‌ಬಿಸಿ ಶೋ ಮುಂದುವರಿಸಿತು. ಒಟ್ಟು ಐದು ಸೀಸನ್ ಬಂತು. ದುಡ್ಡು ಎಲ್ಲಿಂದ ಬರುತ್ತಿದೆ ಎಂದು ನೋಡಿ ನೇರ ಅಲ್ಲಿಗೇ ಹೋದರು ನೋಡಿ!

2018ರ ಮೇ ತಿಂಗಳಲ್ಲಿ ಮೂರು ಶೋಗಳು ಒಟ್ಟಿಗೆ ಕತ್ತರಿಗೆ ಸಿಕ್ಕವು. 'ಬ್ರೂಕ್ಲಿನ್ ನೈನ್-ನೈನ್' ಅನ್ನು ಫಾಕ್ಸ್ ನಿಲ್ಲಿಸಿದ ಮರುದಿನವೇ ಎನ್‌ಬಿಸಿ ಎತ್ತಿಕೊಂಡಿತು. ಹ್ಯಾಷ್‌ಟ್ಯಾಗ್ ಜೋರಾಗಿತ್ತು ನಿಜ, ಆದರೆ ಶೋ ತಯಾರಿಸುತ್ತಿದ್ದ ಯೂನಿವರ್ಸಲ್ ಟೆಲಿವಿಷನ್ ಎನ್‌ಬಿಸಿಯ ಒಡಹುಟ್ಟಿದ ಕಂಪನಿಯೇ ಆಗಿತ್ತು ಅನ್ನುವುದನ್ನು ಮರೆಯಬಾರದು. ಫಾಕ್ಸ್‌ನಲ್ಲೇ ನಿಂತ 'ಲೂಸಿಫರ್' ನೆಟ್‌ಫ್ಲಿಕ್ಸ್‌ಗೆ ಹೋಗಿ ಆರು ಸೀಸನ್ ಪೂರೈಸಿತು. 'ದಿ ಎಕ್ಸ್‌ಪ್ಯಾನ್ಸ್' ಅಭಿಮಾನಿಗಳು ಹಣ ಕೂಡಿಸಿ, ಶೋ ಉಳಿಸಿ ಎಂದು ಬರೆದ ಬ್ಯಾನರ್ ಕಟ್ಟಿದ ವಿಮಾನವನ್ನು ಅಮೆಜಾನ್ ಕಚೇರಿಯ ಮೇಲೆ ಹಾರಿಸಿದರು. ಆ ತಿಂಗಳು ಮುಗಿಯುವ ಮುಂಚೆ ಅಮೆಜಾನ್‌ನ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಸ್ವತಃ ಶೋ ಉಳಿಯಿತು ಎಂದು ಘೋಷಿಸಿದರು. ಅವರಿಗೆ ಆ ಕಥೆ ಇಷ್ಟ ಇತ್ತು, ಕಂಪನಿಗೆ ಅಂಥ ಶೋ ಬೇಕಿತ್ತು. ಅಭಿಮಾನಿಗಳು ಬಾಗಿಲು ತಟ್ಟಿದ್ದು ಸರಿಯಾದ ಮನೆಗೆ.

ಕಡಲೆಬೀಜ ಕಳಿಸಿ ಶೋ ಉಳಿಸಿದ ಕಥೆ ನಿಜವಾ?

ನಿಜ. 2007ರಲ್ಲಿ ಸಿಬಿಎಸ್ ಚಾನೆಲ್ 'ಜೆರಿಕೋ' ನಿಲ್ಲಿಸಿತು. ಕೊನೆಯ ಸಂಚಿಕೆಯಲ್ಲಿ ಶರಣಾಗು ಎಂದವರಿಗೆ ನಾಯಕ "ನಟ್ಸ್" ಎಂದು ಉತ್ತರ ಕೊಡುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಬೀಜ ಅಂತಲೂ ಅರ್ಥ, "ಆಗಲ್ಲ ಹೋಗು" ಅಂತಲೂ ಅರ್ಥ. ಅಭಿಮಾನಿಗಳು 20 ಟನ್‌ಗೂ ಜಾಸ್ತಿ ಕಡಲೆಬೀಜ ಚಾನೆಲ್ ಕಚೇರಿಗೆ ಕಳಿಸಿದರು. ಚಾನೆಲ್ ಮಣಿದು ಏಳು ಸಂಚಿಕೆ ಕೊಟ್ಟಿತು, ಜೊತೆಗೆ ಇನ್ನೂ ಹೆಚ್ಚು ಜನ ನೋಡಬೇಕು ಎಂದು ಸ್ಪಷ್ಟವಾಗಿ ಹೇಳಿತು. 2008ರಲ್ಲಿ ಆ ಸಂಚಿಕೆಗಳು ಬಂದವು. ನೋಡುಗರ ಸಂಖ್ಯೆ ಏರಲಿಲ್ಲ, ಶೋ ಎರಡನೇ ಸಲ ನಿಂತಿತು. ಅಭಿಯಾನ ಒಂದು ಅವಕಾಶ ಕೊಡಿಸಬಲ್ಲದು. ಹೊಸ ನೋಡುಗರನ್ನು ತರುವ ಕೆಲಸ ಆಗಲೇ ಶುರುವಾಗಬೇಕು.

ನಾವೇ ದುಡ್ಡು ಹಾಕಿ ಶೋ ಮಾಡಿಸಬಹುದಾ?

ಮಾಡಿಸಿದ್ದಾರೆ. 2007ರಲ್ಲಿ ನಿಂತ 'ವೆರೋನಿಕಾ ಮಾರ್ಸ್' ಸಿನಿಮಾ ಆಗಲಿ ಎಂದು 2013ರಲ್ಲಿ ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 20 ಲಕ್ಷ ಡಾಲರ್ ಕೇಳಿದರು. ಒಂದೇ ದಿನದಲ್ಲಿ ಗುರಿ ದಾಟಿತು. ಕೊನೆಗೆ 91 ಸಾವಿರಕ್ಕೂ ಹೆಚ್ಚು ಜನ ಸೇರಿ ಸುಮಾರು 57 ಲಕ್ಷ ಡಾಲರ್ ಕೊಟ್ಟರು. 2019ರಲ್ಲಿ, ಕಥೆ ಕಟ್ಟುವ ಆಟವನ್ನು ಆನ್‌ಲೈನ್‌ನಲ್ಲಿ ಆಡಿ ತೋರಿಸುವ ನಟರ ತಂಡ 'ಕ್ರಿಟಿಕಲ್ ರೋಲ್' ಒಂದು ಅನಿಮೇಷನ್‌ಗೆ 7.5 ಲಕ್ಷ ಡಾಲರ್ ಕೇಳಿದಾಗ ಬಂದಿದ್ದು 1.1 ಕೋಟಿಗೂ ಹೆಚ್ಚು. ಅದನ್ನು ನೋಡಿ ಅಮೆಜಾನ್ ಮುಂದೆ ಬಂದು ಇನ್ನಷ್ಟು ಸಂಚಿಕೆಗಳಿಗೆ ದುಡ್ಡು ಹಾಕಿತು.

ಹಣ ಕೊಡುವ ಮುಂಚೆ ಎರಡು ವಿಷಯ ಗಮನಿಸಿ. ಕಿಕ್‌ಸ್ಟಾರ್ಟರ್‌ನಂಥ ಕಡೆ ಕೊಟ್ಟಿದ್ದು ಹೂಡಿಕೆಯಲ್ಲ. ಶೋ ಕೋಟಿಗಟ್ಟಲೆ ಗಳಿಸಿದರೂ ನಿಮಗೆ ಪಾಲು ಇಲ್ಲ, ಹೇಳಿದ ಉಡುಗೊರೆ ಮಾತ್ರ. ಇನ್ನೊಂದು, ಶೋ ಹಕ್ಕು ಯಾರ ಕೈಯಲ್ಲಿದೆ ಅನ್ನುವುದು. 'ವೆರೋನಿಕಾ ಮಾರ್ಸ್' ಸಾಧ್ಯವಾಗಿದ್ದು ಹಕ್ಕು ಇದ್ದ ವಾರ್ನರ್ ಬ್ರದರ್ಸ್ ಒಪ್ಪಿದ್ದರಿಂದ. ಹಕ್ಕಿನ ಮಾತೇ ಎತ್ತದೆ ಯಾರಾದರೂ ದುಡ್ಡು ಕೂಡಿಸುತ್ತಿದ್ದರೆ ದೂರ ಇರಿ.

ಪೈರಸಿ ಕಾಪಿ ನೋಡಿ, ಆಮೇಲೆ ಹ್ಯಾಷ್‌ಟ್ಯಾಗ್ ಹಾಕಿದರೆ ಸಾಕಾಗಲ್ವಾ?

ಸಾಕಾಗಲ್ಲ. ನೀವು ನೋಡಿದ್ದು ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಕಾಲದಲ್ಲಿ ಡಿವಿಡಿ ಮಾರಾಟವೇ ಶೋ ವಾಪಸ್ ತಂದಿದೆ. 2002ರಲ್ಲಿ ನಿಂತ 'ಫ್ಯಾಮಿಲಿ ಗೈ' ಡಿವಿಡಿಗಳು ಚೆನ್ನಾಗಿ ಮಾರಾಟವಾದವು, ಮರುಪ್ರಸಾರಕ್ಕೂ ಒಳ್ಳೆಯ ಜನ ಬಂದರು, 2005ರಲ್ಲಿ ಶೋ ಮತ್ತೆ ಶುರುವಾಯಿತು. ಅವರು ಡಿವಿಡಿ ಕೊಂಡಿದ್ದು ಅಭಿಯಾನಕ್ಕಲ್ಲ, ಶೋ ಬೇಕು ಅಂತ.

ಶೋ ನಿಂತಿದ್ದಕ್ಕೆ ನಟರನ್ನು, ಬರಹಗಾರರನ್ನು ಟ್ಯಾಗ್ ಮಾಡಿ ಕೇಳಬಹುದಾ?

ಪ್ರೀತಿಯಿಂದ ಬರೆಯಿರಿ, ಖಂಡಿತಾ. ಬೈಯಬೇಡಿ. ನಿಲ್ಲಿಸುವ ತೀರ್ಮಾನ ಅವರದ್ದಲ್ಲ, ಅವರ ಕೆಲಸವೂ ಹೋಗಿರುತ್ತದೆ. ನಿಮಗೆ ಇಷ್ಟದ ಜೋಡಿ ಕಥೆಯಲ್ಲಿ ಒಂದಾಗಲಿಲ್ಲ ಅಂತ ನಟಿಗೆ ಬೆದರಿಕೆ ಹಾಕುವವರೂ ಇದ್ದಾರೆ. ಅದನ್ನು ಅಭಿಮಾನ ಅಂತ ನಾನು ಒಪ್ಪುವುದಿಲ್ಲ.

ಕೊನೆಗೂ ಶೋ ಉಳಿಯಲಿಲ್ಲ. ಈಗ ಏನು ಮಾಡಬೇಕು?

ಬಳಗ ಬಿಡಬೇಡಿ. 'ಸ್ಟಾರ್ ಟ್ರೆಕ್' ಮುಗಿದು ಸುಮಾರು ಎರಡೂವರೆ ವರ್ಷದ ಬಳಿಕ, 1972ರ ಜನವರಿಯಲ್ಲಿ, ನ್ಯೂಯಾರ್ಕ್‌ನಲ್ಲಿ ಅಭಿಮಾನಿಗಳೇ ಒಂದು ಸಮಾವೇಶ ಇಟ್ಟರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದ ಕಡೆ ಸಾವಿರಾರು ಜನ ಬಂದರು. 1979ರಲ್ಲಿ ಸಿನಿಮಾ ಬಂತು, 1987ರಲ್ಲಿ ಹೊಸ ಸರಣಿ.

ಇನ್ನೊಂದು ಕೆಲಸವೂ ಇದೆ, ಕೂಡಿಟ್ಟುಕೊಳ್ಳುವುದು. ಬಿಬಿಸಿ ಒಂದು ಕಾಲದಲ್ಲಿ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಹಾಗಾಗಿ 1960ರ ದಶಕದ 'ಡಾಕ್ಟರ್ ಹೂ' ಸಂಚಿಕೆಗಳಲ್ಲಿ ನೂರರ ಹತ್ತಿರದಷ್ಟು ಸಿಕ್ಕಿಲ್ಲ. ಆದರೆ ಅವೆಲ್ಲದರ ಧ್ವನಿ ನಮ್ಮ ಹತ್ತಿರ ಇದೆ. ಪ್ರಸಾರದ ಹೊತ್ತಿಗೆ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರು ಅದನ್ನು ಉಳಿಸಿದರು. ಇವತ್ತು ಆ ಧ್ವನಿಗೇ ಅನಿಮೇಷನ್ ಜೋಡಿಸಿ ಬಿಬಿಸಿ ಕಳೆದುಹೋದ ಕಥೆಗಳನ್ನು ಬಿಡುಗಡೆ ಮಾಡುತ್ತಿದೆ. ನಿಮ್ಮ ಶೋದ ಸಂದರ್ಶನಗಳು, ಪತ್ರಿಕೆ ತುಣುಕುಗಳು, ಪೋಸ್ಟರುಗಳು, ಸಂಚಿಕೆವಾರು ಕಥಾಸಾರ, ಕಲಾವಿದರ ಹೆಸರುಗಳು, ಏನು ಸಿಕ್ಕರೂ ದಿನಾಂಕ ಹಾಕಿ ಜೋಡಿಸಿಡಿ. ಒಂದೇ ಕಡೆ ಇಡಬೇಡಿ, ಬಳಗದ ಇನ್ನಿಬ್ಬರ ಹತ್ತಿರವೂ ಒಂದೊಂದು ಪ್ರತಿ ಇರಲಿ.